ವೀಡಿಯೊದ ಕಿಕ್ ಬೇರೆ, ಅಂಕದ ಕಿಕ್ ಬೇರೆ

ಈ ಸಲದ ಪ್ರಶ್ನೆಗಳೆಲ್ಲ ಟೇಕ್ವಾಂಡೊ ಬಗ್ಗೆ, ಅಂದರೆ ಒದೆತವೇ ಮುಖ್ಯವಾದ ಕೊರಿಯಾದ ಕಾದಾಟದ ಆಟದ ಬಗ್ಗೆ. ಹೆಚ್ಚಿನವು ಕಾಸರಗೋಡು, ಮಂಜೇಶ್ವರ ತಾಲೂಕುಗಳಿಂದ ಬಂದವು. ಒಂದೇ ಥರದವನ್ನು ಸೇರಿಸಿ ಉತ್ತರಿಸಿದ್ದೇವೆ.

ಮಗಳು ಒಂಬತ್ತನೇ ಕ್ಲಾಸು. ಜಿಲ್ಲೆಯಲ್ಲಿ ಚಿನ್ನ ಬಂತು. ತಿರುಗಿ ತಲೆಗೆ ಒದ್ದ ವೀಡಿಯೊ ಊರಿಡೀ ಓಡಾಡಿತು, ಎರಡು ಕ್ಲಬ್ಬಿನವರು ಸನ್ಮಾನ ಮಾಡಿದರು, ಪೇಟೆಯಲ್ಲಿ ಫ್ಲೆಕ್ಸ್ ಬಿತ್ತು. ರಾಜ್ಯಮಟ್ಟದಲ್ಲಿ ಮೊದಲ ಪಂದ್ಯದಲ್ಲೇ ಸೋತಳು. ಅಲ್ಲಿಯೂ ಚೆನ್ನಾಗಿಯೇ ಒದ್ದಳು, ಬೋರ್ಡಿನಲ್ಲಿ ಅಂಕ ಬರಲಿಲ್ಲ. ಮೆಷಿನ್ ಸರಿ ಇರಲಿಲ್ಲ ಅಂತ ಹೇಳುತ್ತಾಳೆ. ಹೌದಾ?
— ತಾಯಿ, ಬದಿಯಡ್ಕ

ಮೆಷಿನ್ ಕೆಡುವುದೇ ಇಲ್ಲ ಎಂದಲ್ಲ. ಆದರೆ ಸೋತವರೆಲ್ಲರ ಮೆಷಿನ್ನೂ ಕೆಟ್ಟಿರುವುದಿಲ್ಲವಲ್ಲ. ಮೊದಲು ಒಂದು ವಿಷಯ ಕೇಳಿ ತಿಳಿದುಕೊಳ್ಳಿ: ಜಿಲ್ಲೆಯಲ್ಲಿ ಅಂಕ ಕೊಟ್ಟದ್ದು ಯಾರು? ಸಣ್ಣ ಕೂಟಗಳಲ್ಲಿ ಹಲವು ಕಡೆ ಸಾದಾ ಚೆಸ್ಟ್ ಗಾರ್ಡ್ ಕಟ್ಟಿ ಆಡಿಸುತ್ತಾರೆ. ಮೂಲೆಯಲ್ಲಿ ಕೂತ ಜಡ್ಜ್‌ಗಳು ಕಣ್ಣಲ್ಲಿ ನೋಡಿ ಬಟನ್ ಒತ್ತುತ್ತಾರೆ. 'ಟಪ್' ಎಂದು ಸದ್ದು ಬಂದು, ನೋಡಲು ಚಂದ ಇದ್ದರೆ ಅಂಕ ಬೀಳುವುದು ಸುಲಭ. ಮೇಲಿನ ಕೂಟಕ್ಕೆ ಹೋದರೆ ಎಲೆಕ್ಟ್ರಾನಿಕ್ ಕವಚ. ಕೊರಿಯನ್ ಭಾಷೆಯಲ್ಲಿ ಈ ಎದೆಕವಚಕ್ಕೆ 'ಹೋಗು' ಎಂದೇ ಹೆಸರು. ನಮ್ಮ ಮಕ್ಕಳಿಗೆ ಮೊದಲ ದಿನ ನಗು ಬರುವುದು ಸಹಜ.

ಈ ಹೋಗುವಿಗೆ ಚಂದ ಗೊತ್ತಿಲ್ಲ. ಅದು ಎರಡನ್ನು ಮಾತ್ರ ನೋಡುತ್ತದೆ. ತಾಗಿದ್ದು ಸೆನ್ಸರ್ ಇರುವ ಸಾಕ್ಸ್ ಹೌದಾ, ತಾಗಿದ ಜೋರು ಆ ತೂಕದ ವಿಭಾಗಕ್ಕೆ ಇಟ್ಟ ಮಟ್ಟವನ್ನು ಮುಟ್ಟಿತಾ. ಬೆರಳ ತುದಿ ತಾಗಿದರೆ, ಮೊಣಗಂಟಿನ ಕೆಳಗಿನ ಮೂಳೆ ತಾಗಿದರೆ, ಕೈ ಅಡ್ಡ ಬಂದರೆ ಸದ್ದು ಬರುತ್ತದೆ, ಅಂಕ ಬರುವುದಿಲ್ಲ. ಗ್ಯಾಲರಿಯಲ್ಲಿ ಕೂತವರಿಗೆ ಕೇಳುವುದು ಸದ್ದು ಮಾತ್ರ, ಅಲ್ಲಿಂದಲೇ 'ಮೋಸ' ಎನ್ನುವ ಮಾತು ಹುಟ್ಟುವುದು.

ಸಾಕ್ಸಿನ ಅಳತೆಯನ್ನೂ ನೋಡಿ. ಒಂದು ನಂಬರ್ ದೊಡ್ಡದನ್ನು ಹಾಕಿಕೊಂಡರೆ ನಾಲ್ಕು ಕಿಕ್ ಆಗುವಷ್ಟರಲ್ಲಿ ಅದು ಪಾದದ ಸುತ್ತ ತಿರುಗಿ, ಪಾದದ ಮೇಲಿರಬೇಕಾದ ಸೆನ್ಸರ್ ಪಕ್ಕಕ್ಕೆ ಸರಿಯುತ್ತದೆ. ಪ್ರತಿ ಸುತ್ತಿನ ವಿರಾಮದಲ್ಲಿ ಸಾಕ್ಸ್ ಎಳೆದು ನೇರ ಮಾಡಿಕೊಳ್ಳುವುದು ಅಭ್ಯಾಸವಾಗಬೇಕು. ಪಂದ್ಯಕ್ಕೆ ಮೊದಲು ರೆಫರಿ ಎದುರು ಇಬ್ಬರೂ ಕವಚಕ್ಕೆ ಕಾಲು ತಾಗಿಸಿ ಪರೀಕ್ಷೆ ಮಾಡಿಸುವುದುಂಟು. ಬೋರ್ಡಿನಲ್ಲಿ ಕಾಣದಿದ್ದರೆ ಆಗಲೇ ಹೇಳಬೇಕು. ಸೋತ ಮೇಲೆ ಹೇಳಿದರೆ ಕೇಳುವವರಿಲ್ಲ.

ಇನ್ನು ಅಂಕದ ಲೆಕ್ಕ. ಎದೆಕವಚಕ್ಕೆ ಪಂಚ್ 1, ಕಿಕ್ 2, ತಿರುಗಿ ಒದ್ದರೆ 4. ತಲೆಗೆ ಕಿಕ್ 3, ತಿರುಗಿ ಒದ್ದರೆ 5. ಪಂಚನ್ನು ಮೆಷಿನ್ ಲೆಕ್ಕಕ್ಕೆ ಹಿಡಿಯುವುದಿಲ್ಲ, ಅದು ಜಡ್ಜ್‌ಗಳ ಬಟನ್. ತಿರುಗಿದ್ದಕ್ಕೆ ಸಿಗುವ ಹೆಚ್ಚುವರಿ ಅಂಕವೂ ಅವರದ್ದೇ. ಬಿದ್ದರೆ, ಗಡಿಗೆರೆ ದಾಟಿದರೆ, ಹಿಡಿದರೆ, ಸೊಂಟದ ಕೆಳಗೆ ಒದ್ದರೆ ಗಾಮ್‌ಜಮ್, ಅಂದರೆ ಎದುರಾಳಿಗೆ ಒಂದು ಅಂಕ. ಈಗಿನ ಪದ್ಧತಿಯಲ್ಲಿ ಮೂರರಲ್ಲಿ ಎರಡು ಸುತ್ತು ಗೆದ್ದವರು ಪಂದ್ಯ ಗೆದ್ದಂತೆ, ಒಂದೇ ಸುತ್ತಿನಲ್ಲಿ 5 ಗಾಮ್‌ಜಮ್ ಬಿದ್ದರೆ ಆ ಸುತ್ತು ಹೋಯಿತು. ಸುತ್ತು ಸಮಬಲವಾದರೆ ಮೊದಲು ನೋಡುವುದು ತಿರುಗು ಕಿಕ್‌ನಿಂದ ಹೆಚ್ಚು ಅಂಕ ಯಾರಿಗೆ ಬಂತು ಎಂದು. ಹಾಗಾಗಿ ನಿಮ್ಮ ಮಗಳ ತಿರುಗು ಕಿಕ್ ವ್ಯರ್ಥವೇನಲ್ಲ. ಆದರೆ ಆ ಕಿಕ್‌ಗೆ ಅವಕಾಶ ಸಿಗುವುದು ಎದುರಾಳಿ ಮುಂದೆ ನುಗ್ಗಿದಾಗ. ನುಗ್ಗುವಂತೆ ಮಾಡುವ ಕೆಲಸ ಮುಂಗಾಲಿನದ್ದು, ಅಂದರೆ ನಿಂತಾಗ ಮುಂದಿರುವ ಕಾಲಿನದ್ದು. ವೀಡಿಯೊದಲ್ಲಿ ಕತ್ತರಿಸಿ ಹೋಗಿರುವುದು ಆ ಭಾಗವೇ.

ಮುಂಗಾಲಿನ ರೌಂಡ್ ಕಿಕ್, ಅಂದರೆ ಬದಿಯಿಂದ ಬೀಸಿ ಒದೆಯುವ ಕಿಕ್, ಅವಳು ಹೇಗೆ ಹಾಕುತ್ತಾಳೆ ಎಂದು ಮನೆಯ ಜಗಲಿಯಲ್ಲಿ ನಿಲ್ಲಿಸಿ ನೋಡಿ. ಮೊದಲು ಮಂಡಿ ಮೇಲೇಳಬೇಕು, ಪಾದ ಅದರ ಹಿಂದೆ ಬರಬೇಕು. ಮಂಡಿ ಎದುರಾಳಿಯತ್ತ ಗುರಿ ಹಿಡಿದ ಮೇಲೆ, ನೆಲದಲ್ಲಿರುವ ಕಾಲಿನ ಹಿಮ್ಮಡಿ ಮುಂದಕ್ಕೆ ತಿರುಗಬೇಕು, ಅದರ ಜೊತೆಗೇ ಸೊಂಟ. ಕೊನೆಗೆ ಬೆರಳುಗಳನ್ನು ಕೆಳಕ್ಕೆ ಚಾಚಿ, ಪಾದದ ಮೇಲ್ಭಾಗ ಚಪ್ಪಟೆಯಾಗಿ ತಾಗಬೇಕು. ತಪ್ಪುವುದು ಸಾಧಾರಣ ಎರಡು ಕಡೆ. ಒಂದು, ನೆಲದ ಕಾಲು ಅಂಟಿಕೊಂಡಂತೆ ನಿಲ್ಲುತ್ತದೆ. ಸೊಂಟ ತಿರುಗುತ್ತದೆ, ಪಾದ ತಿರುಗುವುದಿಲ್ಲ, ನಡುವಿನ ಮಂಡಿ ತಿರುಚುತ್ತದೆ. ಮಂಡಿನೋವು ಶುರುವಾಗುವುದು ಇಲ್ಲಿಂದ, ಕಿಕ್‌ಗೆ ಜೋರು ಬಾರದಿರುವುದೂ ಇದರಿಂದಲೇ. ಇನ್ನೊಂದು, ದೂರ ನಿಂತು ಎಟುಕಿಸಿಕೊಳ್ಳುವುದು. ಆಗ ಬೆರಳು ಮಾತ್ರ ತಾಗುತ್ತದೆ, ಅಂಕವೂ ಇಲ್ಲ, ಬೆರಳೂ ಉಳುಕುತ್ತದೆ. ಅರ್ಧ ಹೆಜ್ಜೆ ಹತ್ತಿರ ಹೋಗಿ ಒದೆಯುವ ಧೈರ್ಯ ಬಂದರೆ ಈ ತೊಂದರೆ ಅರ್ಧಕ್ಕರ್ಧ ಕಡಿಮೆ.

ವಾರಕ್ಕೆ ನಾಲ್ಕು ದಿನ, ಒಂದೂವರೆ ಗಂಟೆ ಸಾಕು. ಅದರಲ್ಲಿ ಮುಂಗಾಲಿಗೆಂದೇ ಒಂದೊಂದು ಕಾಲಿಗೆ 10ರಂತೆ ಮೂರು ಸೆಟ್, ಪ್ಯಾಡ್ ಮೇಲೆ. ಕಿಕ್ ಹಾಕಿ ಕಾಲು ಕೆಳಗಿಡದೆ ಮಂಡಿಯನ್ನು ಹಿಂದಕ್ಕೆ ತಂದು ಮತ್ತೆ ಹಾಕಬೇಕು. ಆರನೆಯದಕ್ಕೇ ಮಂಡಿ ಇಳಿಯತೊಡಗಿದರೆ ಅಲ್ಲಿಗೆ ನಿಲ್ಲಿಸಿ ಎಣಿಕೆ ಬರೆದಿಡಿ. ಇಳಿದ ಮಂಡಿಯಲ್ಲಿ ಹಾಕಿದ ಉಳಿದ ನಾಲ್ಕರಿಂದ ತಪ್ಪು ಅಭ್ಯಾಸ ಗಟ್ಟಿಯಾಗುವುದಷ್ಟೆ. ವಾರದಲ್ಲಿ ಒಂದು ದಿನ ಪಂದ್ಯದ ಲೆಕ್ಕದಲ್ಲೇ 2 ನಿಮಿಷ ಆಟ, 1 ನಿಮಿಷ ವಿರಾಮ, ಹೀಗೆ ಮೂರು ಸುತ್ತು. ಕಾಲು ಅಗಲಿಸುವ ಸ್ಟ್ರೆಚ್ ಎಲ್ಲ ಅಭ್ಯಾಸ ಮುಗಿದು ಮೈ ಬಿಸಿ ಇರುವಾಗ. ಬೆಳಿಗ್ಗೆ ಎದ್ದ ಕೂಡಲೇ ತಣ್ಣಗಿನ ಮೈಯಲ್ಲಿ ಯಾರೋ ಹಿಂದಿನಿಂದ ಒತ್ತಿ ಸ್ಪ್ಲಿಟ್ ಮಾಡಿಸಿದರೆ ತೊಡೆಸಂದಿಯ ಸ್ನಾಯು ಹರಿಯುತ್ತದೆ.

ವೀಡಿಯೊ ಮಾಡಲೇಬೇಕೆಂದಿದ್ದರೆ ಇನ್ನೊಂದು ಥರದ್ದು ಮಾಡಿ. ಮ್ಯಾಟಿನ ಒಂದು ಮೂಲೆಯಿಂದ, ಝೂಮ್ ಮಾಡದೆ, ಇಬ್ಬರೂ ಪೂರ್ತಿ ಕಾಣುವಂತೆ ಇಡೀ ಪಂದ್ಯ. ಮನೆಗೆ ಬಂದು ಪುಸ್ತಕದಲ್ಲಿ ಮೂರು ಗೆರೆ ಎಳೆದು ಬರೆಯಿರಿ: ಮೊದಲು ಚಲಿಸಿದ್ದು ಯಾರು, ಯಾವ ಕಾಲು, ಎಲ್ಲಿ ತಾಗಿತು. ಕೋಚ್‌ಗೆ ಒಂದು ಪಂದ್ಯದ ಈ ಪಟ್ಟಿ ಹತ್ತು ರೀಲ್ಸ್‌ಗಿಂತ ಹೆಚ್ಚು ಉಪಯೋಗ.

ಉಪ್ಪಳದಲ್ಲಿ ಅಂಗಡಿ ಇಟ್ಟುಕೊಂಡವರೊಬ್ಬರು ಮಗನನ್ನು ಸ್ಪಾನ್ಸರ್ ಮಾಡುತ್ತೇವೆ, ಇನ್‌ಸ್ಟಾದಲ್ಲಿ ಅಂಗಡಿಯ ಹೆಸರು ಹಾಕಲಿ ಅಂತಾರೆ. ಅವನಿಗೆ 14. ಒಪ್ಪಬಹುದಾ?
— ತಂದೆ, ಮಂಜೇಶ್ವರ

ಒಪ್ಪಿ, ಹಣಕ್ಕಿಂತ ಸಾಮಾನು ಕೇಳಿ. ಅವನ ಅಳತೆಯ ಹೆಡ್‌ಗಾರ್ಡ್, ಮುಂಗೈ ಮತ್ತು ಕಣಕಾಲಿನ ಗಾರ್ಡ್, ಗ್ರೋಯಿನ್ ಗಾರ್ಡ್, ಮೌತ್‌ಪೀಸ್, ರೈಲಿನ ಟಿಕೆಟ್. ಬೆಳೆಯುವ ಹುಡುಗನಿಗೆ ವರ್ಷಕ್ಕೊಮ್ಮೆ ಇವೆಲ್ಲ ಚಿಕ್ಕದಾಗುತ್ತವೆ, ಮನೆಯವರಿಗೆ ನಿಜವಾದ ಖರ್ಚು ಅದು. ಎಷ್ಟು ಕಾಲಕ್ಕೆ, ಏನು ಕೊಡುತ್ತಾರೆ, ಅವನು ಏನು ಮಾಡಬೇಕು ಎನ್ನುವುದನ್ನು ಒಂದು ಹಾಳೆಯಲ್ಲಿ ಬರೆದು ಸಹಿ ಮಾಡಿಸಿ. ಖಾತೆಯ ಪಾಸ್‌ವರ್ಡ್ ನಿಮ್ಮ ಹತ್ತಿರ ಇರಲಿ. ಪ್ರೋಟೀನ್ ಪುಡಿ, ಮೈ ಬೆಳೆಸುವ ಡಬ್ಬಿಯ ಜಾಹೀರಾತಿಗೆ ಮಾತ್ರ ಅವನ ಮುಖ ಕೊಡಬೇಡಿ. ಅಂಥ ಪುಡಿಗಳಲ್ಲಿ ಲೇಬಲ್‌ನಲ್ಲಿ ಬರೆಯದ ನಿಷೇಧಿತ ವಸ್ತು ಇರುವುದುಂಟು. ಡೋಪಿಂಗ್ ತಡೆಯುವ ರಾಷ್ಟ್ರೀಯ ಸಂಸ್ಥೆ ನಾಡಾದವರ ಪರೀಕ್ಷೆಯಲ್ಲಿ ಸಿಕ್ಕಿದರೆ 'ಗೊತ್ತಿರಲಿಲ್ಲ' ಎಂದದ್ದಕ್ಕೆ ತಪ್ಪು ಮಾಫಿ ಆಗುವುದಿಲ್ಲ. ಸನ್ಮಾನಗಳು ಇರಲಿ, ಆದರೆ ಪಂದ್ಯದ ಹಿಂದಿನ ವಾರ ಬೇಡ. ರಾತ್ರಿ ಹತ್ತರವರೆಗೆ ವೇದಿಕೆಯಲ್ಲಿ ಶಾಲು ಹೊದ್ದು ಕೂತರೆ ಮರುದಿನದ ಅಭ್ಯಾಸ ಹೋದಂತೆಯೇ.

ನನಗೀಗ 47.3 ಕಿಲೊ. 46ರ ಒಳಗೆ ಇಳಿದರೆ ಮೆಡಲ್ ಗ್ಯಾರಂಟಿ ಅಂತ ಎಲ್ಲರೂ ಹೇಳುತ್ತಾರೆ. ಇನ್ನು ಹದಿನೈದು ದಿನ ಉಂಟು. ರಾತ್ರಿ ಊಟ ಬಿಟ್ಟರೆ ಸಾಕಾ, ಪ್ಲಾಸ್ಟಿಕ್ ಕೋಟು ಹಾಕಿ ಓಡಬೇಕಾ?
— ಹತ್ತನೇ ತರಗತಿಯ ವಿದ್ಯಾರ್ಥಿನಿ, ಕುಂಬಳೆ

ಎರಡೂ ಬೇಡ, ತಂಗೀ. 49ರ ಒಳಗಿನ ವಿಭಾಗದಲ್ಲಿ ಆಡು.

ಜೂನಿಯರ್ ಹುಡುಗಿಯರ ವಿಭಾಗಗಳು 42, 44, 46, 49, 52, 55, 59, 63, 68, ಅದರ ಮೇಲೆ ಒಂದು. ಒಂದರಿಂದ ಒಂದಕ್ಕೆ ಎರಡು, ಮೂರು, ಹೆಚ್ಚೆಂದರೆ ಐದು ಕಿಲೊ ಅಂತರ. ಮೇಲಿನದಕ್ಕೆ ಹೋದರೆ ಸಿಗುವ ಎದುರಾಳಿ ಬೆಟ್ಟದಷ್ಟು ದೊಡ್ಡವಳೇನಲ್ಲ. ಒಲಿಂಪಿಕ್ಸಿನ ಕಥೆ ಬೇರೆ. ಅಲ್ಲಿ ಮಹಿಳೆಯರಿಗೆ ಇರುವುದೇ ನಾಲ್ಕು ವಿಭಾಗ: 49, 57, 67, ಮತ್ತು 67ರ ಮೇಲೆ. 52 ಕಿಲೊ ಇರುವವಳು ಇಳಿಯದಿದ್ದರೆ 57ರವರ ಜೊತೆ ಆಡಬೇಕು, ಅದಕ್ಕೇ ಅವರು ಅಷ್ಟು ಕಷ್ಟಪಡುವುದು. ಅವರ ಹಿಂದೆ ವೈದ್ಯರು, ಆಹಾರ ತಜ್ಞರು ಇರುತ್ತಾರೆ. ನೀನು ಆ ಕಷ್ಟವನ್ನು ಎರವಲು ತರುವ ಅಗತ್ಯವೇ ಇಲ್ಲ.

ಹದಿನೈದು ದಿನದಲ್ಲಿ ಆ 1.3 ಕಿಲೊ ಇಳಿದರೂ ಇಳಿಯುವುದು ಹೆಚ್ಚಾಗಿ ನೀರು. ನೀರು ಕಡಿಮೆಯಾದ ಮೈಯಲ್ಲಿ ಕಾಲು ಬೇಗ ಸೋಲುತ್ತದೆ, ಕಣ್ಣು-ಕಾಲಿನ ಹೊಂದಾಣಿಕೆ ತಪ್ಪುತ್ತದೆ, ತಲೆಗೆ ಬಿದ್ದ ಏಟನ್ನು ತಡೆಯುವ ಶಕ್ತಿಯೂ ಕುಂದುತ್ತದೆ ಎನ್ನುವ ಭಯ ಉಂಟು. ನಿನ್ನ ಪ್ರಾಯದಲ್ಲಿ ಮತ್ತೆ ಮತ್ತೆ ಊಟ ಬಿಟ್ಟರೆ ಮುಟ್ಟು ಏರುಪೇರಾಗುತ್ತದೆ, ಮೂಳೆ ಸವೆಯುತ್ತದೆ. ಮೂತ್ರ ಹೋಗುವ ಮಾತ್ರೆಯನ್ನು ಯಾರಾದರೂ ಕೊಟ್ಟರೆ ಮುಟ್ಟಬೇಡ. ಫ್ಯೂರೋಸೆಮೈಡ್ ಜಾತಿಯ ಆ ಮಾತ್ರೆಗಳು ಆಟಗಾರರಿಗೆ ವರ್ಷವಿಡೀ ನಿಷೇಧ. ನೆಗಡಿಯ ಕೆಲವು ಮಾತ್ರೆಗಳಲ್ಲಿರುವ ಸ್ಯೂಡೋಎಫೆಡ್ರಿನ್ ಕೂಡ ಸ್ಪರ್ಧೆಯ ಹೊತ್ತಿನಲ್ಲಿ ಮಿತಿ ಮೀರಿದರೆ ಡೋಪಿಂಗ್. ಮಾತ್ರೆ ತಗೊಳ್ಳುವಾಗ 'ನಾನು ಆಟಗಾರ್ತಿ' ಎಂದು ಡಾಕ್ಟರಿಗೆ ಮೊದಲೇ ಹೇಳು.

ತೂಕವನ್ನು ಹೀಗೆ ನೋಡು. ಎರಡು ವಾರ, ದಿನಾ ಬೆಳಿಗ್ಗೆ, ಕಕ್ಕಸಿಗೆ ಹೋಗಿ ಬಂದ ಮೇಲೆ, ಏನೂ ತಿನ್ನುವ ಮೊದಲು, ಒಂದೇ ತೂಕದ ಮೆಷಿನ್ನಿನಲ್ಲಿ. ಒಂದು ಕಿಲೊದವರೆಗೆ ಮೇಲೆ ಕೆಳಗೆ ಆಗುವುದು ಸಾಮಾನ್ಯ. ಅವುಗಳ ನಡುವಿನ ಅಂಕಿಯೇ ನಿನ್ನ ತೂಕ. ತೂಕ ಕೊಟ್ಟು ಬಂದ ಮೇಲೆ ಕುಚ್ಚಲಕ್ಕಿ ಗಂಜಿ, ಉಪ್ಪು, ಬೇಯಿಸಿದ ಮೊಟ್ಟೆ ಅಥವಾ ಪಲ್ಯ, ಎಳನೀರು. ಪಂದ್ಯಗಳ ನಡುವೆ ಒಂದು ಬಾಳೆಹಣ್ಣು, ಎರಡು ಗುಟುಕು ನೀರು. ಸ್ಟೇಡಿಯಂ ಹೊರಗಿನ ಪರೋಟ ಎಲ್ಲ ಮುಗಿದ ಮೇಲೆ.

ಇನ್ನೊಂದು ಗೊಂದಲಕ್ಕೂ ಇಲ್ಲೇ ಉತ್ತರ. ಅಂತಾರಾಷ್ಟ್ರೀಯ ನಿಯಮದಲ್ಲಿ ಕೆಡೆಟ್ ಎಂದರೆ 12ರಿಂದ 14, ಜೂನಿಯರ್ 15ರಿಂದ 17. ಲೆಕ್ಕ ಹುಟ್ಟಿದ ದಿನಕ್ಕಲ್ಲ, ವರ್ಷಕ್ಕೆ. 2011ರ ಡಿಸೆಂಬರಿನಲ್ಲಿ ಹುಟ್ಟಿದವಳೂ 2026ರ ಜನವರಿಯಿಂದಲೇ ಜೂನಿಯರ್. ಶಾಲಾ ಕ್ರೀಡಾಕೂಟಗಳಲ್ಲಿ ಮಾತ್ರ 14, 17, 19ರ ಒಳಗಿನವರು ಎಂದು ವಿಂಗಡಣೆ, ತೂಕದ ಪಟ್ಟಿಯೂ ಬೇರೆ. ಎರಡು ಕೂಟಕ್ಕೂ ಒಂದೇ ಪಟ್ಟಿ ಎಂದು ನಂಬಿ ಹೋಗಿ ತೂಕದ ಮೆಷಿನ್ ಮುಂದೆ ಅಳಬೇಡ.

ಸರ್ಟಿಫಿಕೇಟ್ ಬಗ್ಗೆ. ನಮ್ಮಲ್ಲಿ 'ನ್ಯಾಷನಲ್' ಅಂತ ವರ್ಷಕ್ಕೆ ನಾಲ್ಕು ಕೂಟ ಆಗುತ್ತದೆ. ಯಾವುದು ನಿಜ? ಕನ್ನಡ ಮೀಡಿಯಂ ಮಕ್ಕಳು ಕರ್ನಾಟಕಕ್ಕೆ ಆಡಬಹುದಾ? ಇದರಿಂದ ಕೆಲಸ ಸಿಗುತ್ತದಾ?
— ಮುಳ್ಳೇರಿಯ, ಪೆರ್ಲ, ಕಾಸರಗೋಡಿನಿಂದ ಹಲವರು

ಭಾಷೆ ಯಾವುದಾದರೂ ಶಾಲೆ ಇರುವುದು ಕೇರಳದಲ್ಲಿ, ಹಾಗಾಗಿ ಶಾಲಾ ಕ್ರೀಡಾಕೂಟಕ್ಕೆ ಉಪಜಿಲ್ಲೆ, ಕಂದಾಯ ಜಿಲ್ಲೆ, ಮತ್ತೆ ಕೇರಳ ರಾಜ್ಯಮಟ್ಟ. ಮಂಗಳೂರಿನ ಕಾಲೇಜಿಗೆ ಸೇರಿದ ಮೇಲೆ ಆ ಕಾಲೇಜು, ಆ ವಿಶ್ವವಿದ್ಯಾಲಯ. ಸುತ್ತೋಲೆಗಳು ಮಲಯಾಳದಲ್ಲಿ ಬರುವುದರಿಂದ ಕೊನೆಯ ದಿನಾಂಕ ತಪ್ಪಿಹೋಗುವ ದೂರು ತುಂಬ. ಜೂನ್ ತಿಂಗಳಲ್ಲೇ ಶಾಲೆಯ ಡ್ರಿಲ್ ಮಾಷ್ಟ್ರಿಗೆ ಮಗುವಿನ ಹೆಸರು, ಹುಟ್ಟಿದ ದಿನಾಂಕ, ತೂಕ ಬರೆದು ಕೊಟ್ಟಿಡಿ. ಮಾಷ್ಟ್ರಿಲ್ಲದ ಶಾಲೆಯಾದರೆ ಹೆಡ್‌ಮಾಷ್ಟ್ರಿಗೆ.

ಕೂಟದ ಹೆಸರಿನಲ್ಲಿ 'ನ್ಯಾಷನಲ್', 'ಇಂಟರ್‌ನ್ಯಾಷನಲ್' ಎಂದು ಯಾರೂ ಬರೆಸಬಹುದು. ಶುಲ್ಕ ಕಟ್ಟಿದವರೆಲ್ಲ ಆಡಬಹುದಾದ, ರಾಜ್ಯದ ಆಯ್ಕೆಯೇ ಇಲ್ಲದ ಕೂಟ ಎಂದರೆ ಅನುಮಾನ ಪಡಿ. ಸರ್ಟಿಫಿಕೇಟ್ ಕೊಡುವ ಸಂಸ್ಥೆಗೆ ಆ ವರ್ಷ ಕೇಂದ್ರ ಕ್ರೀಡಾ ಇಲಾಖೆಯ ಮಾನ್ಯತೆ ಉಂಟಾ ಎಂದು ಜಿಲ್ಲಾ ಸ್ಪೋರ್ಟ್ಸ್ ಕೌನ್ಸಿಲ್‌ನಲ್ಲಿ ಕೇಳಿ, ಹಣ ಕಟ್ಟುವ ಮೊದಲು. ನಮ್ಮ ದೇಶದ ಟೇಕ್ವಾಂಡೊದಲ್ಲಿ ಸಂಘಗಳ ಜಗಳ ಹಳೆಯದು, ಏಟು ತಿಂದದ್ದು ಮಕ್ಕಳು.

ಕೇಂದ್ರ ಸರ್ಕಾರದ ಗ್ರೂಪ್ ಸಿ ಹುದ್ದೆಗಳ ಕ್ರೀಡಾ ಕೋಟಾ ಪಟ್ಟಿಯಲ್ಲಿ ಟೇಕ್ವಾಂಡೊ ಉಂಟು. ಅಲ್ಲಿ ಕೇಳುವುದು ಬಣ್ಣದ ಸರ್ಟಿಫಿಕೇಟನ್ನಲ್ಲ, ನಿಗದಿತ ಫಾರ್ಮನ್ನು: ದೇಶಕ್ಕೆ ಆಡಿದ್ದಕ್ಕೆ ಫಾರ್ಮ್ 1, ರಾಜ್ಯಕ್ಕೆ 2, ವಿಶ್ವವಿದ್ಯಾಲಯಕ್ಕೆ 3, ರಾಷ್ಟ್ರೀಯ ಶಾಲಾ ಕೂಟಕ್ಕೆ 4. ಆಡಿದ ವರ್ಷವೇ ಸಹಿ ಹಾಕಿಸಿ ಇಟ್ಟುಕೊಳ್ಳಿ. ಐದು ವರ್ಷದ ಮೇಲೆ ಹೋದರೆ ಸಹಿ ಮಾಡಬೇಕಾದ ಕಾರ್ಯದರ್ಶಿ ಬದಲಾಗಿರುತ್ತಾರೆ. ಎಸ್ಸೆಸ್ಸೆಲ್ಸಿಯ ಗ್ರೇಸ್ ಮಾರ್ಕ್ ನಿಯಮ ಆಗಾಗ ತಿದ್ದುಪಡಿಯಾಗುತ್ತದೆ, ಆ ವರ್ಷದ ಆದೇಶವನ್ನೇ ಓದಿ.

ಕೊರಿಯನ್ ಸೀರಿಯಲ್ ನೋಡಿ ತಂಗಿಗೆ ಟೇಕ್ವಾಂಡೊ ಹುಚ್ಚು. ಅಲ್ಲಿಯ ಆಟಗಾರರು ಸಿನೆಮಾ ನಟರಷ್ಟು ಫೇಮಸ್ಸಾ?
— ನೀಲೇಶ್ವರ

ಕೆಲವರು, ಕೆಲವು ಕಾಲ. ಲೀ ಡೇ-ಹೂನ್ ಒಳ್ಳೆಯ ಉದಾಹರಣೆ. 2012ರ ಲಂಡನ್ ಒಲಿಂಪಿಕ್ಸಿನಲ್ಲಿ ಬೆಳ್ಳಿ, 2016ರ ರಿಯೊದಲ್ಲಿ ಕಂಚು, ಚಿನ್ನ ಕೊನೆಗೂ ಬರಲಿಲ್ಲ. ಆದರೂ ಜನ ಅವರನ್ನು ನೆನಪಿಟ್ಟುಕೊಂಡದ್ದು ರಿಯೊದ ಕ್ವಾರ್ಟರ್ ಫೈನಲ್‌ನಲ್ಲಿ ಜೋರ್ಡಾನಿನ ಅಹ್ಮದ್ ಅಬುಘೌಶ್ ಎದುರು ಸೋತು, ಗೆದ್ದವನ ಕೈಯನ್ನು ತಾವೇ ಎತ್ತಿ ಹಿಡಿದದ್ದಕ್ಕೆ. ಆ ಅಬುಘೌಶ್ ಮುಂದೆ ಜೋರ್ಡಾನಿಗೆ ಮೊತ್ತಮೊದಲ ಒಲಿಂಪಿಕ್ ಪದಕ, ಅದೂ ಚಿನ್ನ, ತಂದರು.

ಥಾಯ್ಲೆಂಡಿನ ಪಾನಿಪಾಕ್ ವೊಂಗ್‌ಪಟ್ಟನಕಿಟ್‌ರ ಹಾದಿಯನ್ನು ತಂಗಿಗೆ ತೋರಿಸಿ. ರಿಯೊದಲ್ಲಿ 19ನೇ ಪ್ರಾಯಕ್ಕೆ ಕಂಚು. 2021ರಲ್ಲಿ ನಡೆದ ಟೋಕಿಯೊ ಫೈನಲ್‌ನಲ್ಲಿ ಎದುರಿಗೆ ಸ್ಪೇನಿನ 17ರ ಹುಡುಗಿ ಅಡ್ರಿಯಾನಾ ಸೆರೆಜೊ, ಕೊನೆಯ ಕೆಲವೇ ಸೆಕೆಂಡಿನವರೆಗೂ ಸೆರೆಜೊ ಒಂದು ಅಂಕ ಮುಂದೆ. ಪಾನಿಪಾಕ್ ಎದೆಕವಚಕ್ಕೆ ಒಂದು ಕಿಕ್ ಹಾಕಿದರು, 2 ಅಂಕ, 11-10. ಹಾರಿದ್ದೂ ಇಲ್ಲ, ತಿರುಗಿದ್ದೂ ಇಲ್ಲ. 2024ರ ಪ್ಯಾರಿಸ್‌ನಲ್ಲಿ ಮತ್ತೆ ಚಿನ್ನ, ಅಲ್ಲಿಗೆ ನಿವೃತ್ತಿ. ಆಗ ಅವರಿಗೆ 27 ತುಂಬುತ್ತಿತ್ತು. ಮೇಲಿನ ಮಟ್ಟದ ಆಟದ ಆಯುಸ್ಸು ಎಷ್ಟು ಚಿಕ್ಕದು ನೋಡಿ. ಓದು ಬಿಟ್ಟು ಆಡಿಸಬೇಡಿ ಎನ್ನುವುದು ಅದಕ್ಕೇ.

ಭಾರತದವರು ಯಾರಾದರೂ ಇದ್ದಾರಾ?
— ಬೇಳ

2002ರ ಬುಸಾನ್ ಏಷ್ಯನ್ ಗೇಮ್ಸ್‌ನಲ್ಲಿ ಸುರೇಂದ್ರ ಭಂಡಾರಿ ಕಂಚು ಗೆದ್ದರು. ಟೋಕಿಯೊ ಪ್ಯಾರಾಲಿಂಪಿಕ್ಸಿಗೆ ಟೇಕ್ವಾಂಡೊ ಸೇರಿದಾಗ ಹರಿಯಾಣದ ಅರುಣಾ ತನ್ವರ್ ಭಾರತದಿಂದ ಆಡಿದರು. ಪೂಮ್ಸೆ, ಅಂದರೆ ಎದುರಾಳಿ ಇಲ್ಲದೆ ಚಲನೆಗಳ ಪ್ರದರ್ಶನ, ಅದರಲ್ಲಿ ಅರುಣಾಚಲದ ರೂಪಾ ಬಾಯೋರ್ ಹೆಸರು ಮಾಡಿದ್ದಾರೆ. ಒದೆತ ತಿನ್ನಲು ಹೆದರುವ ಮಕ್ಕಳಿಗೆ ಪೂಮ್ಸೆ ಒಳ್ಳೆಯ ದಾರಿ, 2018ರಿಂದ ಏಷ್ಯನ್ ಗೇಮ್ಸ್‌ನಲ್ಲೂ ಉಂಟು.

ಒಂದು ವರ್ಷದಲ್ಲಿ ಬ್ಲ್ಯಾಕ್ ಬೆಲ್ಟ್ ಅಂತ ಬೋರ್ಡು ನೋಡಿದೆ. ಸುಳ್ಳಾ?
— ಕಾಞಂಗಾಡ್

ಕೊರಿಯಾದಲ್ಲಿ ದಿನಾ ಕ್ಲಾಸಿಗೆ ಹೋಗುವ ಮಕ್ಕಳಿಗೆ ವರ್ಷ, ಒಂದೂವರೆ ವರ್ಷದಲ್ಲಿ ಆಗುವುದುಂಟು. ಇಲ್ಲಿ ವಾರಕ್ಕೆ ಎರಡು ದಿನ ಒಂದೊಂದು ಗಂಟೆ ಕಲಿತವರಿಗೆ ಅದೇ ವರ್ಷದಲ್ಲಿ ಹೇಗೆ ಆಗುತ್ತದೆ ಎಂದು ಲೆಕ್ಕ ಹಾಕಿ. ಸಿಯೋಲ್‌ನ ಟೇಕ್ವಾಂಡೊ ಕೇಂದ್ರ ಕುಕ್ಕಿವಾನ್ ಕೊಡುವ ಸರ್ಟಿಫಿಕೇಟ್‌ಗೆ ನಂಬರ್ ಇರುತ್ತದೆ. 15ರ ಒಳಗಿನವರಿಗೆ ಸಿಗುವುದು ದೊಡ್ಡವರ ಬ್ಲ್ಯಾಕ್ ಬೆಲ್ಟ್ ದರ್ಜೆ 'ಡಾನ್' ಅಲ್ಲ, ಮಕ್ಕಳ ದರ್ಜೆ 'ಪೂಮ್'. ಎಂಟು ವರ್ಷದ ಮಗುವಿಗೆ ಡಾನ್ ಎಂದು ಬರೆದು ಕೊಟ್ಟಿದ್ದರೆ ನಂಬರ್ ಕೇಳಿ.

ಮಳೆಗಾಲದಲ್ಲಿ ಚೆಸ್ಟ್ ಗಾರ್ಡ್, ಹೆಡ್‌ಗಾರ್ಡ್ ಬೂಸ್ಟು ಹಿಡಿದು ವಾಸನೆ. ಬಿಸಿಲೇ ಇಲ್ಲ. ಏನು ಮಾಡುವುದು?
— ಕ್ಲಬ್ಬಿನ ಹುಡುಗರು, ಕಾಸರಗೋಡು

ನೀರಿನಲ್ಲಿ ಮುಳುಗಿಸಬೇಡಿ, ಒಳಗಿನ ಫೋಮ್ ನೀರು ಕುಡಿದರೆ ಆಷಾಢ ಮುಗಿಯುವವರೆಗೂ ಒಣಗದು. ಎಲೆಕ್ಟ್ರಾನಿಕ್ ಕವಚವಾದರೆ ಕೆಟ್ಟೇಹೋಗುತ್ತದೆ. ಆಟ ಮುಗಿದ ಕೂಡಲೇ ಸ್ವಲ್ಪ ಸಾಬೂನು ನೀರಿನಲ್ಲಿ ಬಟ್ಟೆ ಅದ್ದಿ, ಚೆನ್ನಾಗಿ ಹಿಂಡಿ ಒರೆಸಿ, ಮತ್ತೆ ಒಣ ಬಟ್ಟೆಯಲ್ಲಿ ಒರೆಸಿ ಫ್ಯಾನಿನ ಕೆಳಗೆ ಹಗ್ಗಕ್ಕೆ ನೇತುಹಾಕಿ. ಹೆಡ್‌ಗಾರ್ಡಿನೊಳಗೆ ಹಳೆಯ ಪೇಪರ್ ಉಂಡೆ ಮಾಡಿ ತುರುಕಿ, ರಾತ್ರಿ ಒಮ್ಮೆ ಬದಲಿಸಿ. ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿದರೆ ರೆಕ್ಸಿನ್ ಬಿರಿಯುತ್ತದೆ, ಬೇಸಿಗೆಯ ಸುಡುಬಿಸಿಲಿನಲ್ಲೂ ಅಷ್ಟೇ. ಸೆನ್ಸರ್ ಸಾಕ್ಸನ್ನು ತಣ್ಣೀರಿನಲ್ಲಿ ಕೈಯಲ್ಲೇ ತೊಳೆಯಿರಿ, ಹಿಂಡಬೇಡಿ, ಟವೆಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆಯಿರಿ.

ಒಂದೇ ಹೆಡ್‌ಗಾರ್ಡನ್ನು ಹತ್ತು ಜನ ಹಾಕುವ ಕ್ಲಬ್ಬಿನಲ್ಲಿ ಗಜಕರ್ಣ ಹರಡುವುದು ಜುಲೈಯಲ್ಲೇ. ಕೆನ್ನೆ, ಕುತ್ತಿಗೆ, ಕಾಲಿನ ಬೆರಳ ಸಂದಿಯಲ್ಲಿ ಉಂಗುರದ ಹಾಗೆ ತುರಿಕೆ ಕಂಡರೆ ಆ ಹುಡುಗ ಗುಣವಾಗುವವರೆಗೆ ಪ್ಯಾಡ್ ಅಭ್ಯಾಸ ಮಾತ್ರ ಮಾಡಲಿ. ಮೆಡಿಕಲ್‌ನಲ್ಲಿ ಕೇಳಿ ತಂದ ಸ್ಟಿರಾಯ್ಡ್ ಬೆರೆತ ಮುಲಾಮು ಹಚ್ಚಿದರೆ ನಾಲ್ಕು ದಿನ ತುರಿಕೆ ನಿಂತಂತೆ ಆಗಿ ಐದನೇ ದಿನ ಇಮ್ಮಡಿ ಅಗಲಕ್ಕೆ ಹಬ್ಬುತ್ತದೆ. ಚರ್ಮದ ಡಾಕ್ಟರಿಗೆ ತೋರಿಸಿ, ಅವರು ಹೇಳಿದಷ್ಟು ವಾರ ಪೂರ್ತಿ ಹಚ್ಚಿ.